ಆಯಿಯ ಡಬ್ಬಿಗಳಿಗೆ ಹಚ್ಚಿದ ಚೀಟಿ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹಳೆಯ ಗುರೆಳ್ಳು ಚಟ್ನಿಪುಡಿಯ ಕಮಟು ವಾಸನೆ ಬಂತು. ಅಡುಗೆಮನೆಯಲ್ಲಿ ಬೇಡವಾದದ್ದನ್ನೆಲ್ಲ ತೆಗೆದುಹಾಕಬೇಕೆಂದು ಒಂದು ವರ್ಷದಿಂದ ಅನ್ನುತ್ತಲೇ ಇದ್ದೆ, ಮೈ ಏಳುತ್ತಿರಲಿಲ್ಲ. ಮೊನ್ನೆ ಹೇಗೋ ಶುರು ಮಾಡಿ ಅರ್ಧಕ್ಕೇ ದಣಿದೆ. ಆ ಡಬ್ಬಿ ಹಿಡಿದುಕೊಂಡೇ ನೆಲಕ್ಕೆ ಕೂತಾಗ ಆಯಿ ನೆನಪಾದರು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಯರಗಟ್ಟಿಗೆ ಬಂದಿದ್ದೆ. ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ವಯಸ್ಸು ಎಪ್ಪತ್ತರ ಹತ್ತಿರ, ಒಬ್ಬರೇ ಇದ್ದರು. ಓಣಿಯವರೆಲ್ಲ ಆಯಿ ಅಂತಲೇ ಕರೆಯುತ್ತಿದ್ದರು. ನನಗೆ ರೊಟ್ಟಿ ಬಡಿಯಲು ಕಲಿಸಿದ್ದು ಅವರೇ. ನನ್ನ ರೊಟ್ಟಿ ಹರಿದಾಗೆಲ್ಲ ಹಿಟ್ಟನ್ನು ಮತ್ತೆ ನಾದಿ ಕೈಗಿಡುತ್ತಿದ್ದರು.

ಅವರ ಅಡುಗೆಮನೆ ಮಾತ್ರ ನನಗೆ ಸೇರುತ್ತಿರಲಿಲ್ಲ. ಉಪ್ಪು ಬಾಯಿ ಒಡೆದ ಬರಣಿಯಲ್ಲಿ, ಖಾರಪುಡಿ ಅರಿವೆ ಕಟ್ಟಿದ ಗಡಿಗೆಯಲ್ಲಿ, ಬೆಲ್ಲ ತಗ್ಗುಬಿದ್ದ ಡಬ್ಬಿಯಲ್ಲಿ. ಕೆಲವಕ್ಕೆ ಕೊರಳಲ್ಲಿ ದಾರ. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಎಲ್ಲವೂ ಒಲೆಯ ಸುತ್ತ ನೆಲದ ಮೇಲೆಯೇ. ಮುದುಕಿಯ ಗಲೀಜು ಅಂದುಕೊಂಡಿದ್ದೆ. ಮ್ಯಾಟ್ರಿಕ್ ಪಾಸಾದವಳು ನಾನು...

ಒಂದು ಸಲ ಆಯಿ ಓಣಿಯ ಹೆಂಗಸರ ಜೊತೆ ಎತ್ತಿನ ಚಕ್ಕಡಿಯಲ್ಲಿ ಸವದತ್ತಿ ಗುಡ್ಡದ ಜಾತ್ರೆಗೆ ಹೊರಟರು. ನಾಲ್ಕು ದಿನ ಇರುವುದಿಲ್ಲವೆಂದು ಕೀಲಿಕೈ ಕೊಟ್ಟು, "ಬೆಕ್ಕು ಒಳಗ ಹೋಗದಂಗ ನೋಡ್ಕೋ ತಂಗಿ" ಅಂದರು. ಅಷ್ಟೇ ಅಂದದ್ದು.

ನಾನು ಗೋಡೆಗೆ ಸುಣ್ಣ ಹಚ್ಚಿದೆ. ಒಡಕು ಮುರುಕನ್ನೆಲ್ಲ ಮೋಡಕಾ ಸಾಮಾನು ಕೊಳ್ಳುವ ಗುಜರಿಯವನಿಗೆ ಹಾಕಿದೆ. ಒಂದೇ ಅಳತೆಯ ಎಂಟು ಡಬ್ಬಿ ತಂದು ಉಪ್ಪು, ಸಕ್ಕರೆ, ಬೇಳೆ ಎಲ್ಲ ತುಂಬಿ ಹಲಗೆಯ ಮೇಲೆ ಸಾಲಾಗಿಟ್ಟೆ. ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಒಂದೊಂದಕ್ಕೂ ಚೀಟಿ ಹಚ್ಚಿದೆ. ಬೆನ್ನು ಹಿಡಿದುಹೋಗಿತ್ತು, ಆದರೂ ಖುಷಿಯಿತ್ತು.

ಆಯಿ ತಿರುಗಿ ಬಂದರು. ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಸುಣ್ಣದ ವಾಸನೆಗೆ ಮುಖ ಎತ್ತಿ, "ಭಾಳ ದಣದಿ ತಂಗಿ" ಅಂದರು. ಹೊಗಳಿದರೆಂದೇ ನಾನು ತಿಳಿದೆ.

ಎರಡು ದಿನ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಮೂರನೆಯ ದಿನ ಮುಂಜಾನೆ ಹೋದೆ. ಎಂಟೂ ಡಬ್ಬಿಗಳನ್ನು ನೆಲಕ್ಕಿಳಿಸಿಕೊಂಡು ಕೂತಿದ್ದರು. ಒಂದೊಂದರ ಮುಚ್ಚಳ ತೆಗೆದು, ಬೆರಳು ಅದ್ದಿ, ನಾಲಗೆಗೆ ಹಚ್ಚಿ ನೋಡಿ ಪಕ್ಕಕ್ಕೆ ಸರಿಸುತ್ತಿದ್ದರು. ಕೈ ತಗುಲಿ ಒಂದು ಡಬ್ಬಿ ಉರುಳಿ ಸಕ್ಕರೆ ನೆಲದ ತುಂಬ ಚೆಲ್ಲಿತು.

"ಮ್ಯಾಲ ಚೀಟಿ ಹಚ್ಚೇನಲ್ಲರಿ ಆಯಿ," ಅಂದೆ.

"ಚೀಟಿ ಎಲ್ಲಿ ಕಾಣಬೇಕವಾ. ಕಣ್ಣು ಹೋಗಿ ಎರಡು ವರ್ಷ ಆತು. ಬೆಳಕು, ಮಂದಿ ನೆರಳು, ಅಷ್ಟ ಗೊತ್ತಾಗತೈತಿ."

ಒಂದು ವರ್ಷ ದಿನಾ ಅವರ ಒಲೆ ಮುಂದೆ ಕೂತಿದ್ದೆ. ನನಗೆ ಗೊತ್ತಾಗಿರಲಿಲ್ಲ.

"ಯಾಕ ಹೇಳಲಿಲ್ಲರಿ?"

"ಹೇಳಿದ್ರ ಕಟಕೋಳದಾಗಿನ ಮಗಳಿಗೆ ಸುದ್ದಿ ಮುಟ್ಟತಿತ್ತು. ಕರಕೊಂಡು ಹೋಗಿ ಕಟ್ಟಿ ಮ್ಯಾಲ ಕುಂದರಸ್ತಿದ್ಲು. ನನಗ ನನ್ನ ಒಲಿ ಮುಂದ ಇರಬೇಕು ಅನಸ್ತಿತ್ತು."

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ...

ಮೊದಲಿನಂತೆ ಇಡಲು ಅಂದೇ ಇಬ್ಬರೂ ಕೂತೆವು. ಆದರೆ ಆ ಬರಣಿ, ಆ ಗಡಿಗೆ ಯಾವುದೂ ಇರಲಿಲ್ಲ. ಬೆರಳಿಗೆ ಗುರುತು ಸಿಗಲೆಂದು ಹೊಸ ದಾರ ಕಟ್ಟಿ ಗಂಟು ಹಾಕಿದೆ. ಆ ಡಬ್ಬಿಗಳು ಅವರ ಕೈಗೆ ಒಗ್ಗಲೇ ಇಲ್ಲ. ವಾರದೊಳಗೆ, ಉಪ್ಪಿಗಾಗಿ ತಡಕಾಡುವಾಗ ಕುದಿಯುವ ಬೇಳೆ ಕೈಮೇಲೆ ಮಗುಚಿ ಮೊಣಕೈತನಕ ಸುಟ್ಟುಕೊಂಡರು. ಮಗಳು ಓಡಿ ಬಂದಳು. ಕಣ್ಣಿನ ವಿಷಯ ಮುಚ್ಚಿಡಲು ಆಗಲಿಲ್ಲ. ಒಳ್ಳೆಯ ಹೆಣ್ಣುಮಗಳು, ಅವ್ವನ ಗಾಯಕ್ಕೆ ಔಷಧಿ ಹಚ್ಚುತ್ತ ಅತ್ತಳು. ಮಧ್ಯಾಹ್ನದ ಬಸ್ಸಿಗೆ ಕರೆದುಕೊಂಡು ಹೋದಳು.

ಆರು ತಿಂಗಳ ಮೇಲೆ ನಾನು ಕಟಕೋಳಕ್ಕೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತಿದ್ದರು. ಅಚ್ಚುಕಟ್ಟಾಗಿ ಉಟ್ಟ ಸೀರೆ, ಕೈಯ ಗಾಯ ಮಾಯ್ದಿತ್ತು. ನನ್ನ ದನಿ ಗುರುತಿಸಿ ಪಕ್ಕ ಕೂರಿಸಿಕೊಂಡರು. ಒಳಗಿನಿಂದ ಮಗಳು ಚಹಾ ತಂದುಕೊಟ್ಟಳು.

"ಸಕ್ಕರಿ ಸರಿ ಐತೇನು ನೋಡು ತಂಗಿ. ನಾ ಮಾಡಿದ್ದಲ್ಲ, ನನಗ ಗೊತ್ತಿಲ್ಲ," ಅಂದರು ಆಯಿ. ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ತಪ್ಪಾಯಿತು ಎಂದು ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಸಕ್ಕರೆ ಸರಿ ಇದೆ ಅಂದೆ, ಕುಡಿದು ಎದ್ದು ಬಂದೆ.

ಮರುವರ್ಷ ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ನನಗೂ ಅವರ ಆಗಿನ ವಯಸ್ಸು. ಮೊನ್ನೆ ಕೂತಲ್ಲಿಂದ ಏಳಲು ಬಹಳ ಹೊತ್ತು ಹಿಡಿಯಿತು. ಅಂದು ಕಟ್ಟೆಯ ಮೇಲೆ ಆಡದ ಆ ಒಂದು ಮಾತು ಇಷ್ಟು ವರ್ಷವೂ ನನ್ನ ಬಳಿಯೇ ಉಳಿದಿದೆ. ಈಗ ಆಡಬಲ್ಲೆ, ಕೇಳಬೇಕಾದವರು ಇಲ್ಲ.