ಹದಿನಾರನೆಯ ದಿನದ ಮಾತ್ರೆ

ದೊಡ್ಡನೆಕ್ಕುಂದಿಯ ನಾಗಲಕ್ಷ್ಮಮ್ಮ ತಿಂಗಳಲ್ಲಿ ಇಪ್ಪತ್ತು ದಿನ ಹಸುವಿನಂಥ ಹೆಂಗಸು. ಮುಟ್ಟಿಗೆ ವಾರವಿದೆ ಎನ್ನುವಾಗ ಮಾತ್ರ ಮೈಯೆಲ್ಲ ಬಿಗಿದು, ತಲೆ ಸಿಡಿದು, ಯಾರು ಮಾತಾಡಿಸಿದರೂ ಉರಿದುಬೀಳುತ್ತಿದ್ದಳು. ಗಂಡ ನರಸಪ್ಪ ಫ್ಯಾಕ್ಟರಿ ಕೆಲಸದವನು, ಚಿಕ್ಕಂದಿನಲ್ಲಿ ಒಲೆಯ ಮೇಲೆ ಬಿದ್ದು ಬೆನ್ನು ಸುಟ್ಟುಕೊಂಡವನು, ಬಾಯಿ ಸತ್ತ ಪ್ರಾಣಿ. ಗಾಳಿ ಸೋಕಿದೆ ಎಂದು ಅತ್ತೆ ಪಿಳ್ಳಮ್ಮ ತಾಯತ ಕಟ್ಟಿಸಿದ್ದೂ ಆಯಿತು. ಎಂಬತ್ತೆರಡನೇ ಇಸವಿಯ ಒಂದು ಬೆಳಿಗ್ಗೆ, ಎರಡು ವರ್ಷದ ಮಗಳು ಹಾಲು ಚೆಲ್ಲಿದಳೆಂದು ನಾಗಲಕ್ಷ್ಮಮ್ಮ ಮುದ್ದೆ ಕೋಲು ಬೀಸಿದಳು. ಅದು ಕೂದಲೆಳೆಯಲ್ಲಿ ತಪ್ಪಿ ಗೋಡೆಗೆ ಬಡಿಯಿತು. ಅಂದಿನಿಂದ ಅವಳಿಗೆ ತನ್ನ ಕೈಯನ್ನು ಕಂಡರೇ ಭಯ.

ಇದು ಗಾಳಿಯಲ್ಲ, ಹಾರ್ಮೋನಿನ ಏರುಪೇರು ಎಂದು ವೈಟ್‌ಫೀಲ್ಡಿನ ಲೇಡಿ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮುಟ್ಟಾದ ದಿನದಿಂದ ಎಣಿಸಿ ಹದಿನಾರನೆಯ ದಿನ ಶುರುಮಾಡಬೇಕು, ಹತ್ತು ದಿನ ಬಿಡದೆ ನುಂಗಬೇಕು. ಎರಡು ತಿಂಗಳು ಮನೆ ತಣ್ಣಗಿತ್ತು.

ಮೂರನೆಯ ತಿಂಗಳ ಹದಿನಾರನೆಯ ದಿನ ಡಬ್ಬಕ್ಕೆ ಕೈಹಾಕಿದರೆ ಮಾತ್ರೆಯೂ ಇಲ್ಲ, ಡಾಕ್ಟರ ಚೀಟಿಯೂ ಇಲ್ಲ. ಪಿಳ್ಳಮ್ಮ ಸಲೀಸಾಗಿ ಒಪ್ಪಿಕೊಂಡಳು: ನನ್ನ ಮಗಳು ಭದ್ರಮ್ಮನ ಮೈದುನನ ಮದುವೆ, ಧಾರೆಯ ದಿನಕ್ಕೇ ಅವಳು ಹೊರಗಾಗುವಂತಿದ್ದಳು, ಎರಡನ್ನೂ ಕೊಟ್ಟು ಕಳಿಸಿದೆ. ಊರ ಹೆಂಗಸರಿಗೆ ಅಂಥ ಮಾತ್ರೆಯಿಂದ ಗೊತ್ತಿದ್ದ ಉಪಯೋಗ ಒಂದೇ, ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡುವುದು. ಕೋಪ ತಣಿಸಲು ಯಾರಾದರೂ ಮಾತ್ರೆ ನುಂಗುತ್ತಾರೆಯೇ?

ಡಾಕ್ಟರು ಕೂರುವುದು ಗುರುವಾರ ಮಾತ್ರ. ಅಂದು ಶುಕ್ರವಾರ.

ನಾಗಲಕ್ಷ್ಮಮ್ಮ ಹಲ್ಲು ಕಚ್ಚಿಕೊಂಡು ದಿನ ಎಣಿಸಿದಳು. ಬುಧವಾರ ಬೆಳಿಗ್ಗೆ ಮುದ್ದೆ ತಿರುವುತ್ತಿದ್ದಾಗ ಮಗು ಸೆರಗು ಜಗ್ಗಿ ರಚ್ಚೆ ಹಿಡಿಯಿತು. ಬಿಸಿ ಕೋಲು ಹಿಡಿದ ಕೈ ಮೇಲೆದ್ದಿತ್ತು. ಅದು ಅವಳ ಕಣ್ಣಿಗೇ ಬಿತ್ತು. ಕೋಲನ್ನು ಎಸೆದು, ಮಗುವನ್ನೆತ್ತಿಕೊಂಡು ಹಿತ್ತಿಲಿಗೆ ಓಡಿ, ಅತ್ತೆಯ ಮಡಿಲಿಗೆ ಹಾಕಿದಳು.

“ನಾನು ಹೊರಗಾಗೋವರ್ಗೂ ಇವಳ್ನ ನನ್ ಕೈಗ್ ಕೊಡ್ಬೇಡಿ ಅತ್ತೆ. ಏನ್ ಮಾಡ್ಬಿಡ್ತೀನೋ ನನ್ಗೇ ಗೊತ್ತಿಲ್ಲ.”

ಬೈಗುಳ ಬೀಳುತ್ತದೆಂದು ಕಾದಳು. ಪಿಳ್ಳಮ್ಮ ಮೊಮ್ಮಗಳನ್ನು ತಬ್ಬಿಕೊಂಡಳು.

“ನರಸ ಒಲೆ ಮ್ಯಾಲೆ ಬೀಳ್ಲಿಲ್ಲ ಕಣಮ್ಮಿ,” ಎಂದಳು. “ಕೊಳ್ಳೀಲಿ ಬರೆ ಎಳ್ದೋಳು ನಾನೇ. ನನ್ಗೂ ತಿಂಗ್ಳು ತಿಂಗ್ಳೂ ಇಂಗೇ ಆಯ್ತಿತ್ತು. ಯಾರ್ತಾವ ಯೋಳ್ಕೊಳ್ಳಾನ?”

ಗುರುವಾರ ವೈಟ್‌ಫೀಲ್ಡ್ ಬಸ್ಸಿಗೆ ಸೊಸೆಗಿಂತ ಮುಂಚೆ ಹೋಗಿ ನಿಂತವಳು ಪಿಳ್ಳಮ್ಮ. ಮೊಮ್ಮಗಳು ಅವಳ ಸೊಂಟದ ಮೇಲಿದ್ದಳು.