ತೂತು ಕೊರೆದ ದೋಣಿ

ಭಾಟಿಯಾರಿಯ ಕಡಲ ದಂಡೆಯಲ್ಲಿ ಹಳೆಯ ಹಡಗುಗಳನ್ನು ಒಡೆಯುತ್ತಾರೆ. ಅಲ್ಲಿ ಯಾರಿಗೂ ಬೇಡವಾದ ಚೂರುಪಾರಿನಿಂದಲೇ ಮರ್ಜಿನಾ ಹಿತ್ತಿಲು ಎಬ್ಬಿಸಿದ್ದಳು. ಗಂಡ ಹಡಗಿನ ಮೇಲಿಂದ ಬಿದ್ದು ಸತ್ತ ಮೇಲೆ ಹೊಟ್ಟೆಪಾಡಿಗೆ ಅದೇ ಗತಿ. ಬಿರುಕು ಬಿಟ್ಟ ಸ್ನಾನದ ತೊಟ್ಟಿಯಲ್ಲಿ ಕೊತ್ತಂಬರಿ, ಹಡಗಿನ ಹಗ್ಗದ ಚಪ್ಪರಕ್ಕೆ ಸೋರೆಬಳ್ಳಿ. ನಡುವೆ ಹಡಗಿನದೇ ಒಂದು ಜೀವರಕ್ಷಕ ದೋಣಿ. ನೀರು ನಿಲ್ಲದಿರಲೆಂದು ಅದರ ತಳಕ್ಕೆ ತೂತು ಕೊರೆದು, ಅಂಚಿನವರೆಗೂ ಮಣ್ಣು ತುಂಬಿ ಬದನೆ ಹಾಕಿದ್ದಳು. ತುಂಬಿದ ಮೇಲೆ ಕೇರಿಯ ಗಂಡಸರೆಲ್ಲ ಸೇರಿ ನೂಕಿದರೂ ಅದು ಅಲುಗಿರಲಿಲ್ಲ.

"ದೋಣಿಗೆ ತೂತು ಕೊರೆಯೋ ಸೊಸೇನ ಎಲ್ಲಾದ್ರೂ ಕಂಡಿದೀರಾ?" ಎಂದು ಅತ್ತೆ ಆಸಿಯಾ ಬೀಬಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಮುದುಕಿಗೆ ಸ್ವಾಧೀನ ತಪ್ಪಿದ್ದು ಕಾಲು ಮಾತ್ರ, ನಾಲಿಗೆಯಲ್ಲ.

ಚಂಡಮಾರುತದ ದಿನ ಬೆಳಗ್ಗೆಯೇ ಮನೆ ಬಿಟ್ಟು ಹೊರಡೋಣವೆಂದರೆ ಅತ್ತೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಮಧ್ಯಾಹ್ನ ಕಡಲ ಒಡ್ಡು ಒಡೆದು ದಾರಿಯೆಲ್ಲ ಮುಳುಗಿತು. ನೀರು ಮಂಚಕ್ಕೇರುವಷ್ಟರಲ್ಲಿ ಮರ್ಜಿನಾ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹಿತ್ತಿಲ ದೋಣಿಯತ್ತ ಹೊರಬಿದ್ದಳು.

ಪಕ್ಕದ ಮನೆಯ ಜಲಾಲ್ ತನ್ನ ದೋಣಿಯನ್ನು ತಾಳೆಮರಕ್ಕೆ ಬಿಗಿಯುತ್ತಿದ್ದ. ಎಂಜಿನ್ ಕೂರಿಸುತ್ತೇನೆಂದು ಅವನು ವರ್ಷಗಟ್ಟಲೆ ಕೊಚ್ಚಿಕೊಳ್ಳುತ್ತಿದ್ದ ದೋಣಿ ಅದು.

"ಭಾಬಿ, ಅಜ್ಜೀನ ಇದರಲ್ಲಿ ಕೂರ್ಸಿ. ಬೇಗ."

"ಅಲ್ಲಿಗೇ ನಡಿ," ಎಂದು ಅತ್ತೆ ಕಿವಿಯಲ್ಲೇ ಅರಚಿದಳು. "ನಿನ್ನ ಬದನೆಕಾಯಿ ಜೊತೆ ಸಾಯೋಕೆ ನಂಗಿಷ್ಟ ಇಲ್ಲ."

ಜಲಾಲನ ದೋಣಿ ಪ್ರತಿ ಅಲೆಗೂ ಹಗ್ಗ ಜಗ್ಗುತ್ತಿತ್ತು. ಮರ್ಜಿನಾಳ ಬದನೆ ದೋಣಿ ಮಿಸುಕುತ್ತಿರಲಿಲ್ಲ. ಲೆಕ್ಕ ತಪ್ಪಿದರೆ ಅತ್ತೆಯ ಜೀವ ಹೋಗುತ್ತದೆ, ಸೊಸೆಯೇ ಕೊಂದಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಆದರೂ ಮರ್ಜಿನಾ ಮುದುಕಿಯನ್ನು ಬದನೆಗಿಡಗಳ ನಡುವೆಯೇ ಕೂರಿಸಿ ತಾನೂ ಹತ್ತಿದಳು.

"ಜಲಾಲ್, ನೀನೂ ಬಾ. ಆ ಹಗ್ಗ ತಡೆಯಲ್ಲ."

"ತಲೆ ಕೆಟ್ಟಿದ್ಯಾ ಭಾಬಿ?" ಎನ್ನುತ್ತಿದ್ದಂತೆಯೇ ಹಗ್ಗ ತುಂಡಾಯಿತು. ಖಾಲಿ ದೋಣಿ ಗಿರಕಿ ಹೊಡೆಯುತ್ತ ತೇಲಿಹೋಯಿತು. ಜಲಾಲ್ ಈಜಿ ಬಂದು ಮರ್ಜಿನಾಳ ಕೈ ಹಿಡಿದು ಹತ್ತಿದ.

ನೀರು ತೂತುಗಳಿಂದ ಒಳಗೇರಿತು, ಅಂಚು ದಾಟಿತು, ಕೂತಿದ್ದ ಮುದುಕಿಯ ಸೊಂಟ ಮುಟ್ಟಿತು. ಮೂವರೂ ಸೋರೆ ಚಪ್ಪರದ ಹಗ್ಗ ಹಿಡಿದುಕೊಂಡರು. ದೋಣಿ ಕದಲಲಿಲ್ಲ. ಅತ್ತೆಯ ಇನ್ನೊಂದು ಕೈ ಸೊಸೆಯ ಸೆರಗನ್ನು ಬಿಗಿಯಾಗಿ ಹಿಡಿದಿತ್ತು.

ಸಂಜೆಗೆ ನೀರಿಳಿದಾಗ ಗಿಡಗಳೆಲ್ಲ ನೆಲಕಚ್ಚಿದ್ದವು. ಮರ್ಜಿನಾಳಿಗೆ ಅಳು ತಡೆಯಲಾಗಲಿಲ್ಲ.

"ಮಣ್ಣಿಗೆಲ್ಲ ಉಪ್ಪು ಹೊಕ್ತು ಅಮ್ಮಾ. ಇನ್ನೇನೂ ಹುಟ್ಟಲ್ಲ."

"ಮಳೆನೀರು ಹುಯ್ದು ತೊಳಿ, ಉಪ್ಪು ಇಳಿದು ಹೋಗತ್ತೆ," ಎಂದಳು ಅತ್ತೆ. "ಅದಕ್ಕೂ ಮುಂಚೆ ನೋಡು ಸೊಸೆಯಮ್ಮಾ, ಆ ತೂತುಗಳಿಗೆ ಕೆಸರು ಕಟ್ಕೊಂಡಿದ್ರೆ ಬಿಡಿಸು."