ಮುಂದಕ್ಕ ಹೋಗ್ರಿ

ಒಡಹುಟ್ಟಿದ ತಮ್ಮ ಜೋಳಿಗೆ ಹಿಡಿದು ಬಾಗಿಲಿಗೆ ಬಂದಾಗ ನಾನು ಒಂದು ರೊಟ್ಟಿಯನ್ನೂ ಹಾಕಲಿಲ್ಲ. ಅದು ಲಾಕ್‌ಡೌನ್ ಸಮಯ. ಕೂಡ್ಲಿಗಿ ಹೈವೇಯಲ್ಲಿ ತಮ್ಮೂರಿಗೆ ನಡೆದೇ ಹೊರಟಿದ್ದ ಕೂಲಿಕಾರರಿಗಾಗಿ ಅವನು ಮನೆಮನೆಗೆ ಹೋಗಿ ರೊಟ್ಟಿ ಬೇಡುತ್ತಿದ್ದ. ಮಠದಲ್ಲಿದ್ದರೂ ಇನ್ನೂ ದೀಕ್ಷೆ ಪಡೆದಿರಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ, ಭಿಕ್ಷುಕರಿಗೆ ಹೇಳುವಂತೆ “ಮುಂದಕ್ಕ ಹೋಗ್ರಿ” ಎಂದು ಬಾಗಿಲು ಹಾಕಿಕೊಂಡೆ.

ಮೊನ್ನೆ ಆ ಮಠದ ದಾಸೋಹಕ್ಕೆ ಹೋಗಿದ್ದೆ. ಈಗ ಕಾವಿ ತೊಟ್ಟಿರುವ ತಮ್ಮ, ಕಣ್ಣು ಕಾಣದ ಮುದುಕಿಯೊಬ್ಬಳಿಗೆ ಅನ್ನ ಕಲಸಿ ಕೊಡುತ್ತಿದ್ದ. ನನ್ನನ್ನು ಕಂಡು ನಕ್ಕ.

“ಯಕ್ಕಾ, ಅವತ್ತು ನನ್ನ ಮನಸ್ಸು ಮಠ ಸಾಕು, ಮನಿಗೆ ಹೋಗು ಅನ್ನಕತ್ತಿತ್ತು. ನೀನು ಮುಂದಕ್ಕ ಹೋಗ್ರಿ ಅಂದಿ. ದೇವರ ಅಪ್ಪಣೆ ಆತು ಅಂತ ಮುಂದಕ್ಕ ಬಂದು ದೀಕ್ಷಾ ತಗೊಂಡುಬಿಟ್ಟೆ. ಗುರುಗಳು ಎಷ್ಟು ಹೇಳಿದ್ರೂ ಆಗದ್ದು ನಿನ್ನ ಬಾಗಲದಿಂದ ಆತು ನೋಡು!”

ಸುತ್ತ ಕೂತವರು ನಕ್ಕರು. ಅವನು ಆರಿಸಿಕೊಂಡ ದಾರಿ ಸರಿಯಾದದ್ದೇ, ಅದರಲ್ಲಿ ನನಗೀಗ ಅನುಮಾನವಿಲ್ಲ. ಆದರೆ ಅದರ ಪುಣ್ಯ ನನಗೆ ಸೇರಬಾರದು. ಸ್ವಾಮಿಗಳನ್ನು ಕರೆಯುವಂತೆ ತಮ್ಮನನ್ನು ‘ಅಜ್ಜಾರ’ ಎಂದು ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದೆ: “ಅವತ್ತು ಮನ್ಯಾಗ ಬುಟ್ಟಿ ತುಂಬ ರೊಟ್ಟಿ ಇದ್ವು, ಅಜ್ಜಾರ. ಹಸಿದೋರಿಗೆ ಇದ್ದೂ ಹಾಕ್ಲಿಲ್ಲ. ನಂದು ತಪ್ಪಾತ್ರಿ.”